ಕೆಟ್ಟ ಕಣದ ಗಡಿ

ಗಡಿಕಲ್ಲು ಹೇರಿಕೊಂಡು ಬಂದದ್ದು ನನ್ನದೇ ಟ್ರ್ಯಾಕ್ಟರ್. ಹಳೇ ಸ್ಮಾರಕ ಕಾಯುವ ಇಲಾಖೆಯವರು ಲಾರಿಯಲ್ಲಿ ತಂದು ಊರ ಅಗಸಿ ಬಾಗಿಲ ಮುಂದೆ ಇಳಿಸಿ ಹೋಗಿದ್ದರು. ಅಲ್ಲಿಂದ ಹೊಲದ ದಂಡಿಗೆ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಆಳಿನ ಎದೆಮಟ್ಟದ ಕಲ್ಲುಗಳು, ತಲೆಗೆ ಕೆಂಪು ಬಣ್ಣ. ಟ್ರಾಲಿಯ ಹಿಂದೆ ಊರ ಮಂದಿ ದಿಬ್ಬಣದ ಹಾಗೆ ನಡೆದು ಬಂದರು. ಇಷ್ಟು ದಿನ ನಮ್ಮೂರು ಅಂದರೆ ಯಮನೂರು ದಾಟಿ ಒಳಗೆ ಹೋಗುವ ಬಸ್ಸು ಹೊಳ್ಳಿ ವಾಪಸಾಗುವ ಜಾಗ, ಅಷ್ಟೇ. ಇನ್ನು ಸರ್ಕಾರದ ಬೋರ್ಡಿನ ಮೇಲೆ ನಮ್ಮವರು ಸತ್ತದ್ದು ಬರೆದಿರುತ್ತದೆ, ದೂರದವರು ಬಂದು ನಿಂತು ಓದುತ್ತಾರೆ ಎನ್ನುವ ಹಿಗ್ಗು. ನನಗೂ ಇತ್ತು. ಸುಳ್ಳು ಯಾಕೆ ಹೇಳಲಿ.

ಅಳತೆ ನಡೆದಾಗ ನಾನು ಊರಲ್ಲಿರಲಿಲ್ಲ. ಅಣ್ಣಿಗೇರಿ ಕಡೆ ಹೊಲ ಹರಗುವ ಬಾಡಿಗೆ ಹಿಡಿದಿದ್ದೆ. ಹಾಗಾಗಿ ಗಡಿ ಎಲ್ಲಿ ಬಿದ್ದಿದೆ ಎಂದು ಕಣ್ಣಾರೆ ಕಂಡದ್ದು ಕಲ್ಲು ಇಳಿಸಲು ನಿಂತಾಗಲೇ. ಸುಣ್ಣದ ಗೆರೆ ರಸ್ತೆ ಬಾಜು ಇರುವ, ಸತ್ತವರ ಹೆಸರಿನ ನಮ್ಮ ಪೂಜೆಯ ಕಲ್ಲನ್ನು ನಡುವೆ ಇಟ್ಟುಕೊಂಡು, ನನ್ನ ಹೊಲದ ಅರ್ಧಕ್ಕಿಂತ ಹೆಚ್ಚನ್ನು ಬಳಸಿ, ಹೊಳ್ಳಿ ರಸ್ತೆಗೆ ಬಂದು ಮುಗಿದಿತ್ತು. ಆ ಗೆರೆಯ ಗುಂಟ ಒಂದು ಸುತ್ತು ನಡೆದೆ. ಎಲ್ಲೋ ತಪ್ಪಿ ನೋಡುತ್ತಿದ್ದೇನೆ ಎಂದು ಇನ್ನೊಂದು ಸುತ್ತು ನಡೆದೆ. ಕೆಟ್ಟ ಕಣ ಅದರೊಳಗೆ ಇರಲಿಲ್ಲ.

"ಸಾಹೇಬ್ರ, ಅಳತಿ ಇನ್ನೂ ಮುಗದಿಲ್ಲೇನ್ರಿ?"

ಅಳತೆಯ ಸಾಹೇಬರು ನನ್ನ ಮಗನ ವಯಸ್ಸಿನವರು, ಮೈಸೂರು ಸೀಮೆಯವರು. ತಲೆಗೆ ಟವೆಲ್ ಸುತ್ತಿಕೊಂಡು ಬಿಸಿಲಲ್ಲಿ ನಿಂತಿದ್ದರು. "ಮುಗೀತಲ್ಲ ಯಜಮಾನ್ರೇ. ಯಾಕೆ?"

"ಜಾಗಾ ಹೊರಗ ಉಳದೈತ್ರಿ."

"ಯಾವ ಜಾಗ?"

"ಮಂದಿ ಸತ್ತ ಜಾಗಾ ರಿ."

ಕೆಟ್ಟ ಕಣ ಇರುವುದು ರಸ್ತೆಯಿಂದ ಎರಡು ಕೂಗಿನಷ್ಟು ಒಳಗೆ, ಬೆಣ್ಣಿಹಳ್ಳದ ಕಡೆಗೆ ನೆಲ ಇಳಿಯುವ ತಗ್ಗಿನಲ್ಲಿ. ಹಿಂದೆ ಅಲ್ಲಿ ನಾಲ್ಕಾರು ಮನೆತನಗಳು ಕೂಡಿ ರಾಶಿ ಮಾಡುವ ಕಣ ಇತ್ತಂತೆ. ಬಾಜುವಿಗೇ ಹಗೇವು. ಹಗೇವು ಅಂದರೆ ಕಾಳು ತುಂಬಿಡಲು ನೆಲದೊಳಗೆ ತೋಡಿದ ಕೋಣೆ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಂದು ಸುಗ್ಗಿಯಲ್ಲಿ ಜೋಳದ ರಾಶಿ ನಡೆದಾಗ ದಂಡು ಬಂತು. ಯಾರ ದಂಡು ಎನ್ನುವುದನ್ನು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ನಾನು ಅದರಲ್ಲಿ ಕೈ ಹಾಕುವುದಿಲ್ಲ. ಅವರು ಕಾಳು ಕೇಳಿದರು, ಇವರು ಕೊಡಲಿಲ್ಲ. ಕಣದಲ್ಲಿದ್ದವರನ್ನು ಕಣದಲ್ಲೇ ಕೊಂದರು. ಹೊಲದ ಒಡೆಯರ ಮನೆಯವರೂ ಇದ್ದರು, ಕೂಲಿಗೆ ಬಂದ ಕೇರಿಯ ಹೆಣ್ಣುಮಕ್ಕಳೂ ಇದ್ದರು. ಉಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕುಣಿ ತೋಡುವ ಧೈರ್ಯವೂ ಇರಲಿಲ್ಲ, ಪುರಸೊತ್ತೂ ಇರಲಿಲ್ಲ. ಎಲ್ಲರನ್ನೂ ಆ ಹಗೇವಿಗೆ ಇಳಿಸಿ ಮಣ್ಣು ಮುಚ್ಚಿದರು. ನಮ್ಮೂರಿನ ಮಂದಿ ಜಾತಿ ಬಿಟ್ಟು ಒಂದೇ ಕಡೆ ಮಲಗಿರುವ ಜಾಗ ಅದೊಂದೇ.

ಅಲ್ಲಿ ಯಾರೂ ಬಿತ್ತಿದ್ದಿಲ್ಲ. ಕೂರಿಗೆ ಆ ತಗ್ಗಿನ ಅಂಚಿಗೆ ಬಂದರೆ ಎತ್ತಿ ಹಿಡಿದು ಬಳಸಿ ಹೋಗಬೇಕು. ಹೊಲದ ಒಡೆಯ ಬೇರೆಯವರು, ನಾನು ಕಾಕಾ ಎಂದು ಕರೆಯುವ ನಮ್ಮ ಬಾಜು ಹೊಲದ ಹಿರಿಯರು. ಅದನ್ನು ನನ್ನ ಅಪ್ಪ ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದ. ನಾನು ಐದನೇತ್ತಕ್ಕೆ ಸಾಲಿ ಬಿಟ್ಟು ಬಂದಾಗ ಅಪ್ಪ ಮೊದಲು ಕಲಿಸಿದ್ದು ಬೀಜ ಬಿಡುವುದನ್ನಲ್ಲ, ಎಲ್ಲಿ ಬೀಜ ಬಿಡಬಾರದು ಎನ್ನುವುದನ್ನು. ಆಮೇಲೆ ನಾನು ದುಡಿದು ಟ್ರ್ಯಾಕ್ಟರ್ ತಗೊಂಡೆ. ನಾನು ಹೊಡೆದ ಸಾಲು ಸೊಟ್ಟ ಎಂದು ನವಲಗುಂದ ತಾಲೂಕಿನಲ್ಲಿ ಯಾರೂ ಅಂದಿಲ್ಲ. ಅಂಥ ನನ್ನ ಸಾಲುಗಳೂ ಆ ತಗ್ಗಿನ ಸುತ್ತ ಬಾಗಿ ಹೋಗುತ್ತಿದ್ದವು. ಅಲ್ಲಿ ಬಾಗುವುದೇ ನೆಟ್ಟಗೆ ಎಂದು ನಾನು ತಿಳಿದಿದ್ದೆ.

ಸಾಹೇಬರು ಪೂರಾ ಕೇಳಿಸಿಕೊಂಡರು. ಅದು ಅವರ ದೊಡ್ಡ ಗುಣ. ಕೇಳಿ ಆದ ಮೇಲೆ ಪೂಜೆಯ ಕಲ್ಲಿನ ಕಡೆ ಕೈ ಮಾಡಿದರು. "ಮತ್ತೆ ಕಲ್ಲು ಇಲ್ಯಾಕಿದೆ?"

ಎರಿ ಮಣ್ಣಿನ ದೆಸೆಯಿಂದ. ನಮ್ಮ ನೆಲ ಬೇಸಗೆಯಲ್ಲಿ ಕಾಲು ತೂರುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಮೊಣಕಾಲು ಹಿಡಿದು ಬಿಡುವುದಿಲ್ಲ. ಶ್ರಾವಣದಲ್ಲಿ ಸತ್ತವರಿಗೆ ಎಡಿ ಒಯ್ಯುವ ಹೆಣ್ಣುಮಕ್ಕಳು ಆ ರಾಡಿಯಲ್ಲಿ ಎರಡು ಕೂಗು ದೂರ ಹೋಗಿ ಬರುವುದು ಆಗುತ್ತಿರಲಿಲ್ಲ. ಒಂದು ವರ್ಷ ಬಸುರಿ ಹೆಂಗಸೊಬ್ಬಳು ಬಿದ್ದು ಕಷ್ಟ ಆಯಿತಂತೆ. ಆಗ ಹಿರಿಯರು ಕೂಡಿ, ಸತ್ತವರನ್ನೇ ರಸ್ತೆ ದಂಡಿಗೆ ಕರೆಯೋಣ ಎಂದು ಠರಾಯಿಸಿದರು. ಕಣದ ಮೇಲಿದ್ದ ಕಲ್ಲನ್ನು ಎದ್ದೇಳಿಸಿ ಚಕ್ಕಡಿಯಲ್ಲಿ ಇಟ್ಟರು. ಚಕ್ಕಡಿ ಮುಂದೆ, ಮಂದಿ ಹಿಂದೆ. ಎಲ್ಲರಿಗಿಂತ ಹಿಂದೆ ಒಬ್ಬ ಹೆಣ್ಣುಮಗಳು ಕೊಡದಿಂದ ಚರಗ ಚೆಲ್ಲುತ್ತ ಬರಬೇಕು. ಶೀಗಿ ಹುಣ್ಣಿಮೆಗೆ ಹೊಲದ ತುಂಬ ಚೆಲ್ಲುತ್ತೇವಲ್ಲ, ಅದೇ ಚರಗ: ಕಡುಬು, ಪಲ್ಯ, ಅನ್ನ ಕಲಸಿದ್ದು. ಅದನ್ನು ಉಣ್ಣುತ್ತ ಸತ್ತವರು ಹಿಂದೆ ಬರುತ್ತಾರೆ. ನಡೆಯುವಾಗ ಯಾರೂ ಹೊಳ್ಳಿ ನೋಡಬಾರದು. ಬಂದು ಮುಟ್ಟಿದ ಮೇಲೆ ಬಿಟ್ಟ ಜಾಗವನ್ನು ಬೊಟ್ಟು ಮಾಡಿ ತೋರಿಸಲೂ ಬಾರದು. ತೋರಿಸಿದರೆ ಅವರು ಹೊಳ್ಳಿ ಹೋಗುತ್ತಾರೆ.

ಆ ಚರಗದ ಕೊಡ ಹೊತ್ತವಳು ನನ್ನ ಅವ್ವ. ಆಗ ಹೊಸ ಸೊಸೆ. ಅವತ್ತು ನಡೆದವರಲ್ಲಿ ಇವತ್ತು ಉಳಿದಿರುವವಳು ಅವಳೊಬ್ಬಳೇ.

"ನಿಮ್ಮ ತಾಯಿಯವರೇ ಅಲ್ವಾ, ಕಿವಿ ಸ್ವಲ್ಪ ಮಂದ ಇರೋರು?" ಸಾಹೇಬರ ಮುಖ ಇಳಿಯಿತು. "ಅವರನ್ನೇ ಕೇಳಿ ಅಳತೆ ಹಾಕಿದ್ದು ಯಜಮಾನ್ರೇ. ಸತ್ತೋರು ಎಲ್ಲಿದಾರೆ ಅಂದೆ. ಇಲ್ಲೇ ಇದಾರೆ ಅಂತ ಕಲ್ಲು ಮುಟ್ಟಿ ತೋರಿಸಿದ್ರು."

ಅವ್ವ ಸುಳ್ಳು ಹೇಳಿರಲಿಲ್ಲ. ಊರಲ್ಲಿ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ಎಲ್ಲಿದ್ದಾರೆ ಎಂದು ಕೇಳಿದರೆ, ಕರೆದುಕೊಂಡು ಬಂದು ಕೂರಿಸಿದ ಜಾಗವನ್ನೇ ನಾವು ತೋರಿಸುವುದು.

ಅವತ್ತೇ ಸಾಹೇಬರನ್ನು ಮನೆಗೆ ಕರೆದೊಯ್ದೆ. ಅವ್ವ ಕಟ್ಟೆಯ ಮೇಲೆ ಕುಸುಬಿ ಹಸನು ಮಾಡುತ್ತ ಕೂತಿದ್ದಳು. ಅವಳ ಬಲಗಿವಿಗೆ ಬಾಯಿಟ್ಟು ಒದರಿದೆ: "ಯವ್ವಾ, ಸಾಹೇಬ್ರಿಗೆ ಖರೇ ಜಾಗಾ ಹೇಳಬೇ."

"ಹೇಳೀನಲ್ಲೋ. ಇಲ್ಲೇ ಅದಾರ ಎಲ್ಲಾರೂ."

"ಎಲುಬು ಎಲ್ಲದಾವಬೇ?"

"ಎಲುಬಿನ ಸುದ್ದಿ ಅವರು ಕೇಳಿಲ್ಲಪಾ. ಮಂದೀನ ಕೇಳ್ಯಾರ, ಮಂದೀನ ಹೇಳೀನಿ."

ಸಾಹೇಬರು ನಕ್ಕರು, ಆದರೆ ಹತ್ತಿರ ಸರಿದು ಕೂತರು. "ಅಜ್ಜಿ, ಅವರನ್ನ ಕೊಂದಿದ್ದು ಎಲ್ಲಿ? ಅಷ್ಟು ತೋರಿಸಿ ಸಾಕು. ನೀವು ಹೇಳಿದ್ರೆ ನಾನು ಗಡಿ ತಿದ್ದೋಕೆ ಬರೀತೀನಿ."

"ಅದನ್ನ ನಾ ತೋರಿಸೂದಿಲ್ಲ. ಕೊಡಾ ಹೊತ್ತಾಗ ನಮ್ಮತ್ತಿಗೆ ಮಾತ ಕೊಟ್ಟೀನಿ." ಅವ್ವ ಮೊರ ಕೊಡವಿದಳು. "ನೀ ಚಾ ಕುಡೀತೀಯೇನಪಾ? ಮಾರಿ ಬಾಡೈತಿ."

ಹೊರಗೆ ಬಂದು ನಾನು ಸಾಹೇಬರಿಗೆ ಹೇಳಿದೆ, ನನ್ನ ಹೊಲದ ಸುತ್ತಲಿನ ಗಡಿ ಹಾಗೇ ಇರಲಿ, ಅದರ ಜೊತೆ ಕಣವನ್ನೂ ಒಳಗೆ ಹಾಕಿರಿ ಎಂದು. ಅವರು ತಲೆ ಅಲ್ಲಾಡಿಸಿದರು. ಕಲ್ಲು ಎತ್ತಿ ತಂದದ್ದನ್ನು ಕಣ್ಣಾರೆ ಕಂಡವರು ಹೇಳಬೇಕು, ಇಲ್ಲವೇ ಮೇಲಿನವರು ಒಪ್ಪಿ ನೆಲ ಅಗೆದು ನೋಡಬೇಕು. ನನ್ನೊಬ್ಬನ ಮಾತಿಗೆ ಗೆರೆ ಸರಿಯುವುದಿಲ್ಲ. ತಾನೇ ಒಂದು ಸಲ ಬಂದು ಜಾಗ ನೋಡಿ, ಅಗೆಯಲು ಕೇಳುತ್ತೇನೆ ಎಂದರು.

ಇಷ್ಟೆಲ್ಲಕ್ಕೆ ನನಗೆ ಯಾಕೆ ಅವಸರ ಎಂದರೆ, ಗಡಿಕಲ್ಲು ಹುಗಿದ ಮೇಲೆ ಕೆಟ್ಟ ಕಣದ ಅಂಜಿಕೆಯೇ ಹೋಗಿಬಿಟ್ಟಿತ್ತು. ಅಲ್ಲಿಯ ತನಕ ಅದಕ್ಕೆ ಬೇಲಿ ಇರಲಿಲ್ಲ, ಬೋರ್ಡು ಇರಲಿಲ್ಲ, ಆದರೆ ಒಂದು ಗುದ್ದಲಿ ಬಿದ್ದಿರಲಿಲ್ಲ. ಈಗ ಸರ್ಕಾರವೇ ಅಳೆದು, ಸತ್ತವರು ಇಷ್ಟರೊಳಗೆ ಎಂದು ತೋರಿಸಿತ್ತು. ಹೊರಗೆ ಉಳಿದದ್ದು ಬರೀ ನೆಲ. ಕಾಕಾ ತಿಂಗಳೊಪ್ಪತ್ತಿನಲ್ಲಿ ಆ ಹೊಲವನ್ನು ಹುಬ್ಬಳ್ಳಿಯ ಸಾವುಕಾರರಿಗೆ ಮಾರಿದರು. ಸಾವುಕಾರರು ಹತ್ತಿ ಗೋದಾಮು ಕಟ್ಟುತ್ತಾರಂತೆ. ಎರಿ ಮಣ್ಣಿನಲ್ಲಿ ಪಾಯ ನಿಲ್ಲಬೇಕೆಂದರೆ ಗಟ್ಟಿ ನೆಲ ಸಿಗುವ ತನಕ ಮಣ್ಣು ತೆಗೆಯಬೇಕು. ಮೊದಲು ತೆಗೆಯುವುದು ತಗ್ಗಿನ ಮಣ್ಣು.

ನಾನು ಕಾಕಾನ ಮನೆಗೆ ಹೋದೆ. ಅವರು ಪಂಚಾಯ್ತಿ ಮೆಂಬರು, ನಾಲ್ಕು ಮಂದಿ ಕೂತೇ ಇರುತ್ತಾರೆ.

"ಕಾಕಾ, ನಿಮಗೂ ಗೊತ್ತೈತಿ. ಒಂದು ಮಾತ ಸಾಹೇಬ್ರಿಗೆ ಹೇಳ್ರಿ."

"ಏನ್ ಗೊತ್ತೈತ್ಲೇ? ನಾ ಹುಟ್ಟಿದಾಗಿಂದ ಕಲ್ಲ ರಸ್ತಿ ಮ್ಯಾಲ ಐತಿ."

"ಮತ್ತ ನಿಮ್ಮ ಹೊಲದಾಗ ಕೂರಿಗಿ ಯಾಕ ಎತ್ತಿಸ್ತಿದ್ರಿ?"

"ನಮ್ಮಪ್ಪ ಎತ್ತಿಸ್ತಿದ್ದ, ನಾನೂ ಎತ್ತಿಸಿದೆ. ನಮ್ಮಪ್ಪ ಬೆಕ್ಕ ಅಡ್ಡ ಬಂದ್ರ ಮನಿಗೆ ಹೊಳ್ಳಿ ಬರ್ತಿದ್ದ." ಮಂದಿ ನಕ್ಕರು. ಕಾಕಾ ಎಲೆಗೆ ಸುಣ್ಣ ಹಚ್ಚುತ್ತ ಮೆಲ್ಲಗೆ ಅಂದರು, "ನಿನ್ನ ಸಂಕಟ ನನಗ ತಿಳೀತೈತಿ. ನಿನ್ನ ಹೊಲಾ ಗಡಿಯೊಳಗ ಸಿಗತು. ಇನ್ನ ಬಾಂವಿ ತೋಡಂಗಿಲ್ಲ, ಶೆಡ್ ಹಾಕಂಗಿಲ್ಲ. ಅದಕ್ಕ ಎಲುಬು ತಗೊಂಡು ಹೋಗಿ ಮಂದಿ ಹೊಲದಾಗ ಹಾಕಾಕ ಬಂದಿ."

ಮೈ ಉರಿಯಿತು. ನನ್ನ ಹೊಲ ಹೋದರೆ ಹೋಗಲಿ ಎಂದು ಸಾಹೇಬರ ಮುಂದೆ ಹೇಳಿದ್ದನ್ನು ಅಲ್ಲಿ ಹೇಳಲಿಲ್ಲ. ಹೇಳಿದರೂ ಯಾರು ನಂಬುತ್ತಿದ್ದರು? ದುಡಿದು ತಗೊಂಡ ಹೊಲವನ್ನು ಬಿಟ್ಟುಕೊಡುತ್ತೇನೆ ಎನ್ನುವವನು ಹುಚ್ಚ, ಇಲ್ಲವೇ ಹಿಕಮತ್ತಿನವನು. ಎದ್ದು ಬಂದೆ.

ಸಾಹೇಬರು ಮಾತಿಗೆ ತಪ್ಪಲಿಲ್ಲ, ಬಂದರು. ಆದರೆ ಅವರು ಬರುವ ಹಿಂದಿನ ದಿನ ಹಿಂಗಾರಿ ಮಳೆ ಹಿಡಿದು ಹೊಡೆಯಿತು. ಜೀಪು ರಸ್ತೆ ಬಿಟ್ಟು ಇಳಿಯುವಂತಿರಲಿಲ್ಲ. ನನ್ನ ಟ್ರ್ಯಾಕ್ಟರ್ ಮೇಲೆ ಕೂರಿಸಿಕೊಂಡು ಇಳಿಸಿದೆ. ಒಂದು ಕೂಗಿನಷ್ಟು ದೂರ ಹೋಗುವುದರೊಳಗೆ ಹಿಂದಿನ ಗಾಲಿ ತಿರುಗಿದಲ್ಲೇ ತಿರುಗಿ ಅಚ್ಚಿನ ತನಕ ಕೂತುಬಿಟ್ಟಿತು. ಇಷ್ಟು ವರ್ಷದಲ್ಲಿ ಹಸಿ ಎರಿಗೆ ಗಾಡಿ ಇಳಿಸಿದ ಮೂರ್ಖತನ ನಾನು ಮಾಡಿರಲಿಲ್ಲ, ಅವತ್ತು ಮಾಡಿದೆ. ಸಾಹೇಬರ ಬೂಟು ಮಣ್ಣಿನಲ್ಲೇ ಉಳಿದು ಬರೀ ಕಾಲು ಮೇಲೆ ಬಂತು. ಬೂಟು ಕೈಯಲ್ಲಿ ಹಿಡಿದು, "ಅರ್ಥ ಆಯ್ತು ಯಜಮಾನ್ರೇ, ಕಲ್ಲನ್ನ ಯಾಕೆ ರಸ್ತೆಗೆ ತಂದ್ರು ಅಂತ" ಎಂದರು. "ನೆಲ ಆರಲಿ. ಮತ್ತೆ ಬರ್ತೀನಿ."

ನೆಲ ಆರುವುದನ್ನು ನಾನು ಕಾಯ್ದೆ. ದಿನಾ ಬೆಳಗ್ಗೆ ಹೋಗಿ ಹಿಮ್ಮಡಿಯಿಂದ ಒತ್ತಿ ನೋಡುತ್ತಿದ್ದೆ. ಬಿತ್ತುವ ಹದಕ್ಕೆ ಕಾಯುವಾಗಲೂ ಅಷ್ಟು ಒದ್ದಾಡಿದವನಲ್ಲ. ನೆಲ ಆರಿದರೆ ಜೀಪೂ ಬರುತ್ತದೆ, ಸಾವುಕಾರರ ಮಣ್ಣು ತೆಗೆಯುವ ಮಷಿನ್ನೂ ಬರುತ್ತದೆ; ಬಿಸಿಲು ಬೀಳಲಿ ಎನ್ನಲೋ ಬ್ಯಾಡ ಎನ್ನಲೋ ತಿಳಿಯುತ್ತಿರಲಿಲ್ಲ. ಸಾಹೇಬರಿಗೆ ಫೋನು ಹಚ್ಚಿದೆ. ಬೇರೆ ಜಿಲ್ಲೆಯ ಕೆಲಸದಲ್ಲಿದ್ದೇನೆ, ಸೋಮವಾರ ಖಂಡಿತ ಬರುತ್ತೇನೆ ಎಂದರು.

ಶುಕ್ರವಾರ ಬೆಳಗ್ಗೆ, ಗಾಲಿಗೆ ಬದಲು ಚೈನಿರುವ ಮಷಿನ್ನು ಬಂತು. ಚೈನಿಗೆ ಅಷ್ಟು ಆರಿದ ನೆಲ ಸಾಕು.

ನಾನು ಟ್ರ್ಯಾಕ್ಟರ್ ರಸ್ತೆಯಲ್ಲಿ ಬಿಟ್ಟು ಓಡಿ ಹೋಗಿ ತಗ್ಗಿನ ಅಂಚಿನಲ್ಲಿ ಅಡ್ಡ ನಿಂತೆ. ಸಾವುಕಾರರು ಕಾರು ರಸ್ತೆಯಲ್ಲಿ ಬಿಟ್ಟು ನಡೆದು ಬಂದರು. ಕೆಟ್ಟ ಮನುಷ್ಯರಲ್ಲ. ಬರುವಾಗ ಪೂಜೆಯ ಕಲ್ಲಿಗೆ ಕಾಯಿ ಒಡೆಸಿ, ಹಣೆಗೆ ವಿಭೂತಿ ಹಚ್ಚಿಕೊಂಡೇ ಬಂದಿದ್ದರು.

"ಅಲ್ಲಿ ಕೈ ಮುಗದು ಬಂದೀನ್ರಿ. ಸರ್ಕಾರ ಅಳದು ಕಲ್ಲ ಹುಗದೈತಿ. ಸತ್ತವರು ಇಲ್ಲಿದ್ರ ಇಲ್ಲೇ ಹುಗೀತಿದ್ರಲ್ಲ?"

ಆ ಗಡಿಕಲ್ಲುಗಳನ್ನು ಹೇರಿ ತಂದು ಇಳಿಸಿದವನೇ ನಾನು.

ನಾನು ಯಾರ ಮುಂದೂ ಕೈ ಜೋಡಿಸಿದವನಲ್ಲ. ಬಾಡಿಗೆ ಕೇಳಲು ಬಂದವರೂ ನನ್ನ ಹತ್ತಿರ ಮರ್ಯಾದೆಯಿಂದ ಮಾತಾಡಬೇಕು, ಹಾಗೆ ಬದುಕಿದವನು. ಅವತ್ತು ಕೈ ಜೋಡಿಸಿದೆ. "ಸೋಮವಾರದ ತನಕ ತಡೀರಿ. ನಿಮ್ಮ ಕಾಲ ಬೀಳ್ತೀನಿ."

"ಅಯ್ಯ, ಹಂಗನಬ್ಯಾಡ್ರಿ, ನೀವು ಹಿರೇರು." ಅವರು ಹಿಂದೆ ಸರಿದರು. "ನಡುವ ಒಂದು ಮಳಿ ಬಿದ್ರ ನನ್ನ ಕೆಲಸ ಮುಂದಿನ ವರ್ಷಕ್ಕ ಹೋಗತೈತಿ. ನೆಲದ ಗುಣಾ ನಿಮಗ ಗೊತ್ತಿಲ್ಲೇನು? ಮಧ್ಯಾಹ್ನದತನಕ ನಿಂದರಸ್ತೀನಿ. ನಿಮ್ಮ ಸಾಹೇಬ್ರಿಂದ ಒಂದು ಮಾತ ಬರಲಿ, ಮಷಿನ್ ತಿರುಗಿಸ್ಕೊಂಡು ಹೋಗ್ತೀನಿ."

ಡ್ರೈವರ್ ಮಷಿನ್ನು ಬಂದ್ ಮಾಡಿ, ಅದರ ನೆರಳಲ್ಲಿ ಬುತ್ತಿ ಬಿಚ್ಚಿದ. ನಾನು ಅಲ್ಲಿಂದಲೇ ಸಾಹೇಬರಿಗೆ ಫೋನು ಹಚ್ಚಿದೆ. ಅವರು ಹೇಳಿದರು: "ಒಂದೇ ದಾರಿ. ನಿಮ್ಮ ತಾಯಿ ಫೋನಲ್ಲೇ ಹೇಳಲಿ, ಕಲ್ಲು ಅಲ್ಲಿಂದ ತಂದಿದ್ದು, ಹೆಣ ಅಲ್ಲೇ ಇವೆ ಅಂತ. ರೆಕಾರ್ಡ್ ಮಾಡ್ಕೊಂಡು ಈಗಲೇ ಮೇಲಿನವರಿಗೆ ಕಳಿಸ್ತೀನಿ. ಕೆಲಸ ನಿಲ್ಲಿಸೋಕೆ ಅಷ್ಟಾದ್ರೂ ಬೇಕು."

ಟ್ರ್ಯಾಕ್ಟರ್ ಹೇಗೆ ಓಡಿಸಿಕೊಂಡು ಮನೆಗೆ ಬಂದೆನೋ ನೆನಪಿಲ್ಲ. ಅವ್ವನ ಬಲಗಿವಿಗೆ ಒದರಿ ಎಲ್ಲ ಹೇಳಿದೆ. ಮಷಿನ್ನು ಬಂದಿದೆ, ಹಗೇವು ಒಡೆಯುತ್ತಾರೆ, ನಿನ್ನ ಒಂದು ಮಾತಿನಲ್ಲಿ ನಿಲ್ಲುತ್ತದೆ. ಫೋನನ್ನು ಅವಳ ಕಿವಿಗೆ ಹಿಡಿದೆ. ಒಳಗೆ ಸಾಹೇಬರು, "ಅಜ್ಜಿ, ಕೇಳಿಸ್ತಿದ್ಯಾ, ಅಜ್ಜಿ" ಎನ್ನುವುದು ನನಗೆ ಕೇಳುತ್ತಿತ್ತು.

ಅವ್ವ ಫೋನನ್ನು ಕೈಯಿಂದ ಸರಿಸಿದಳು.

"ಯವ್ವಾ, ಹೇಳಬೇ! ಅಲ್ಲೇ ಅದಾರ ಅಂತ ಒಂದ ಮಾತ ಅನಬೇ!"

"ಅಂದ್ರ ಇಷ್ಟ ವರ್ಸ ನಾ ಬರೇ ಕಲ್ಲಿಗೆ ದೀಪಾ ಹಚ್ಚೇನೇನೋ?"

ನಾನು ಅವಳ ಕಾಲ ಹತ್ತಿರ ಕೂತು ಅತ್ತೆ. ಅಪ್ಪ ಸತ್ತಾಗಲೂ ಮಂದಿಯ ಮುಂದೆ ಅತ್ತವನಲ್ಲ. ಅವ್ವ ಗೋಡೆ ಹಿಡಿದು ಎದ್ದಳು.

"ಕೊಡಾ ತಗಿ. ನಿನ್ನ ಹೆಂಡ್ತಿಗೆ ಹೇಳು, ಮನ್ಯಾಗ ಏನೈತಿ ಅದನ್ನ ಕಲಸ್ಲಿ."

"ಯಾಕಬೇ?"

"ಉಣ್ಣಾಕ ಒಂದ ಸಲ ಕರದ್ರ ಮಾನಸ್ತರು ಎದ್ದು ಬರ್ತಾರೇನೋ? ಮುಂಜಾನಿ ಹೇಳಿ ಬರ್ತೀವಿ, ಎಲಿ ಹಾಕಿದ ಮ್ಯಾಲ ಮತ್ತ ಹೋಗಿ ಕರೀತೀವಿ. ನಾವು ಒಂದ ಸಲ ಕರದು ಸುಮ್ಮನಾದ್ವಿ. ಯಾರರೆ ನಾಚಿ ಉಳದಿದ್ರ?"

ಫೋನು ಕಟ್ಟಾಗಿತ್ತು. ಹೊಳ್ಳಿ ಹಚ್ಚಲಿಲ್ಲ. ಅವಳ ಬಾಯಿಂದ ಬರುವುದು ಇಷ್ಟೇ ಎಂದು ತಿಳಿಯಿತು. ಅವಳನ್ನು ಎತ್ತಿ ಟ್ರಾಲಿಯಲ್ಲಿ ಚೀಲದ ಮೇಲೆ ಕೂರಿಸಿ, ಕೊಡ ಅವಳ ಮಡಿಲಿಗಿಟ್ಟು ರಸ್ತೆ ದಂಡಿಯ ತನಕ ಒಯ್ದು, ಅಲ್ಲಿಂದ ತಗ್ಗಿಗೆ ಹೊತ್ತುಕೊಂಡು ಹೋದೆ.

ಡ್ರೈವರ್ ಮುದುಕಿಯನ್ನು ಕಂಡು ಎದ್ದು ನಿಂತ. ಸಾವುಕಾರರು ಚಪ್ಪಲಿ ಬಿಟ್ಟರು. ಅವ್ವ ತಗ್ಗಿನ ಅಂಚಿಗೆ ಹೋಗಿ ಸೆರಗು ತಲೆ ಮೇಲೆ ಎಳೆದುಕೊಂಡಳು. ನನಗೆ ಮಾತಾಡಿಸುವ ದನಿಯಲ್ಲ ಅದು, ಬೀಗರನ್ನು ಎಬ್ಬಿಸುವ ದನಿ.

"ಏಳ್ರಿ. ಎಡಿ ಆಗೈತಿ, ದಾರಿ ದಂಡಿಗೆ ಬರ್ರಿ. ಹ್ವಾದ ಸಲ ಬರದವರು ಈಗರೆ ಬರ್ರಿ. ಹೆಣ್ಣಮಕ್ಕಳು ಕೂಸಿನ ಕೈ ಹಿಡದು ಬರ್ರಿ. ಕೂಲಿಯವರು ಹಿಂದ ಉಳೀಬ್ಯಾಡ್ರಿ, ಎಡಿ ಎಲ್ಲಾರಿಗೂ ಒಂದ ಐತಿ. ಇಲ್ಲಿ ಇನ್ನ ಇರಾಕ ಬರಂಗಿಲ್ಲ. ಏಳ್ರಿ."

ಆಮೇಲೆ ನನ್ನ ಕಡೆ ಹೊಳ್ಳಿದಳು. "ನೀ ಮುಂದ ನಡಿ. ನನ್ನ ಹಿಂದ ನಡೀಬ್ಯಾಡ, ಅಲ್ಲಿ ಅವರು ಬರ್ತಾರ. ಹೊಳ್ಳಿ ನೋಡಬ್ಯಾಡ."

ನಾನು ಮುಂದೆ ನಡೆದೆ. ನೆಲ ಅಲ್ಲಲ್ಲಿ ಬಿರಿಯಲು ಶುರುವಾಗಿತ್ತು. ಅವ್ವ ಎಲ್ಲಿ ಬೀಳುತ್ತಾಳೋ ಎನ್ನುವ ಅಂಜಿಕೆ, ಹಿಡಿಯಲು ಕೈ ಚಾಚುವಂತಿಲ್ಲ. ಚರಗ ನೆಲಕ್ಕೆ ಬೀಳುವುದು, ಅವಳು ಉಸಿರು ಎಳೆಯುವುದು, ಇವೆರಡನ್ನೇ ಕೇಳುತ್ತ ರಸ್ತೆಯ ಕಡೆ ಕಣ್ಣಿಟ್ಟು ಹೆಜ್ಜೆ ಹಾಕಿದೆ. ದೂರದಲ್ಲಿ ನನ್ನ ಹೊಲದ ಸುತ್ತ ಕೆಂಪು ತಲೆಯ ಕಲ್ಲುಗಳು ನಿಂತಿದ್ದವು.

ಅರ್ಧ ದಾರಿಗೆ ಬಂದಿದ್ದೆವು, ಹೊತ್ತು ನೆತ್ತಿ ದಾಟಿತ್ತು. ಹಿಂದೆ ಮಷಿನ್ನು ಚಾಲೂ ಆಯಿತು. ಮೊದಲು ಎಂಜಿನ್ನು, ಆಮೇಲೆ ಚೈನು ಕಟಕಟ ಎಂದು ಹೊರಳುವ ಸಪ್ಪಳ, ಆಮೇಲೆ ಬಕೆಟ್ಟು ನೆಲಕ್ಕೆ ಬಡಿದದ್ದು. ಕಾಲಡಿಯ ಮಣ್ಣು ನಡುಗಿತು. ನನ್ನ ಕುತ್ತಿಗೆ ತಾನೇ ತಿರುಗಲು ಹೋಯಿತು, ಹಲ್ಲು ಕಚ್ಚಿ ತಡೆದೆ.

ಮಂದ ಕಿವಿಯ ಅವ್ವನಿಗೆ ಅಷ್ಟು ದೂರದ ಸಪ್ಪಳ ಕೇಳುವುದಿಲ್ಲ. ನೆಲ ನಡುಗಿದ್ದಷ್ಟೇ ಅವಳ ಅಂಗಾಲಿಗೆ ತಿಳಿದಿರಬೇಕು.

"ಲೇ, ಹೆಜ್ಜಿ ಸಪ್ಪಳಾ ಕೇಳಾಕತ್ತೈತೇನೋ?" ಹಿಂದಿನಿಂದ ಕೇಳಿದಳು. ದನಿಯಲ್ಲಿ ಹಿಗ್ಗಿತ್ತು. "ಬರಾಕತ್ತಾರೇನು?"

ನಾನು ರಸ್ತೆ ನೋಡುತ್ತ, ಅವಳಿಗೆ ಕೇಳುವಷ್ಟು ಗಟ್ಟಿಯಾಗಿ ಒದರಿದೆ.

"ಹೂನಬೇ. ಬರಾಕತ್ತಾರ. ಎಲ್ಲಾರೂ ಬರಾಕತ್ತಾರ. ನಡೀ."